ಎರಡು ಮತದ ಪ್ರಧಾನಿ

ಈ ಸಲ ಕೆನಡಾದ ರಾಜಧಾನಿ ಒಟ್ಟಾವಾದಿಂದ ಬೆಂಗಳೂರಿಗೆ ಬಂದಾಗ ಮಾವ ಚಳಿ ವಿಚಾರಿಸಲಿಲ್ಲ, ಮಕ್ಕಳ ಓದು ವಿಚಾರಿಸಲಿಲ್ಲ. ಬಾಗಿಲಲ್ಲೇ ಕೇಳಿದ್ದು ಇದು: "ಏನೋ, ನಿಮ್ಮ ಪ್ರಧಾನಿ ಎರಡೇ ವೋಟಲ್ಲಿ ಬಚಾವಾದರಂತೆ?"

ಮಾವನದು ತ್ಯಾಗರಾಜನಗರದಲ್ಲಿ ಹಳೇ ಮನೆ. ವಿಧಾನಸೌಧದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸರ್ಕಾರ ಬೀಳೋದು ಅಂದರೆ ಅವರಿಗೆ ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದ ಹಾಗೆ, ಹೇಗೆ ಬಿತ್ತು ಅನ್ನೋದರಲ್ಲೇ ಆಸಕ್ತಿ. ಯಾರದೋ ಮದುವೆ ಕರೆಯೋಲೆ ಬೋರಲು ಹಾಕಿ, ಪೆನ್ನು ತೆಗೆದು, "ಹೇಳು, ತಲೆ ಎಣಿಕೆ ಹೇಳು" ಅಂದರು.

ಹೇಳಿದೆ. 2025ರ ಏಪ್ರಿಲ್ ಚುನಾವಣೆಯಲ್ಲಿ 343 ಸೀಟು, ಬಹುಮತಕ್ಕೆ 172 ಬೇಕು, ಮಾರ್ಕ್ ಕಾರ್ನಿಯವರ ಲಿಬರಲ್ ಪಕ್ಷಕ್ಕೆ ಬಂದದ್ದು 169. ನವೆಂಬರ್‌ನಲ್ಲಿ ವಿರೋಧ ಪಕ್ಷದ ಒಬ್ಬರು ಎದ್ದು ಈ ಕಡೆ ಬಂದು ಕೂತರು. ಅದೇ ತಿಂಗಳ 17ಕ್ಕೆ ಬಜೆಟ್ 170–168ರಲ್ಲಿ ಪಾಸಾಯಿತು. ಬಜೆಟ್ ಬಿದ್ದಿದ್ದರೆ ಸರ್ಕಾರವೂ ಬೀಳುತ್ತಿತ್ತು.

"ಬಂದು ಕೂತವರಿಗೆ ಎಷ್ಟು ಕೊಟ್ಟರು?"

"ಗೊತ್ತಿಲ್ಲ ಮಾವ. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆನೇ ಇಲ್ಲ. ಪಕ್ಷ ಬದಲಿಸಿದರೂ ಸೀಟು ಹೋಗಲ್ಲ."

"ಮತ್ತೆ ರೆಸಾರ್ಟು?"

"ಅದೂ ಇಲ್ಲ."

ಮಾವ ಪೆನ್ನು ಕೆಳಗಿಟ್ಟರು. 1985ರಲ್ಲಿ ನಮ್ಮಲ್ಲಿ ಕಾಯ್ದೆ ಬಂದ ಮೇಲೂ ಶಾಸಕರನ್ನು ಬಸ್ಸಲ್ಲಿ ತುಂಬಿಕೊಂಡು ಹೋದದ್ದನ್ನು ಕಂಡವರು ಅವರು. ಕಾಯ್ದೆಯೂ ಇಲ್ಲದೆ ಬಸ್ಸೂ ಇಲ್ಲದೆ ಸದನ ನಡೆಯುತ್ತೆ ಅಂದರೆ ಹೇಗೆ ನಂಬಿಯಾರು?

ಕೆನಡಾಗೆ ಹೋದ ಹೊಸತರಲ್ಲಿ ನಾನೂ ಬಹುಮತ ಇಲ್ಲದವನೆಂದರೆ ಕುಂಟ ನಾಯಕ ಅಂದುಕೊಂಡಿದ್ದೆ. ಬಹುಮತ ಇದ್ದವನ ಹಾಗೆ ಜೋರಾಗಿ ನಡೆದುಕೊಂಡರೆ ಅದೇ ಗಟ್ಟಿತನ ಅಂತಲೂ. 1979ರಲ್ಲಿ ಅಲ್ಲಿನ ಪ್ರಧಾನಿ ಜೋ ಕ್ಲಾರ್ಕ್ ಅದನ್ನೇ ಮಾಡಿದ್ದರು. 282ರಲ್ಲಿ 136 ಸೀಟು ಇಟ್ಟುಕೊಂಡು, ಬಹುಮತವಿದ್ದಂತೆಯೇ ಆಳುತ್ತೇನೆ ಅಂದರು. ಪೆಟ್ರೋಲಿಗೆ ಗ್ಯಾಲನ್ನಿಗೆ 18 ಸೆಂಟು ತೆರಿಗೆ ಹಾಕುವ ಬಜೆಟ್ ತಂದರು. ಮತದ ದಿನ ಅವರ ಸ್ವಂತ ಸಚಿವೆಯೊಬ್ಬರು ಬ್ರಸೆಲ್ಸ್‌ನಲ್ಲಿ, ಇನ್ನೊಬ್ಬ ಸದಸ್ಯರಿಗೆ ಕಾಯಿಲೆ, ಮತ್ತೊಬ್ಬರು ಪ್ರವಾಸದಲ್ಲಿ. ಬೆಂಬಲಿಸಬಹುದಾಗಿದ್ದ ಸಣ್ಣ ಪಕ್ಷದವರು ತಟಸ್ಥರಾದರು. 139–133. ಒಂಬತ್ತೇ ತಿಂಗಳಿಗೆ ಸರ್ಕಾರದ ಕಥೆ ಮುಗಿಯಿತು.

"ಎಣಿಸದೇ ಸದನಕ್ಕೆ ಹೋದನೇ!" ಮಾವನಿಗೆ ಅದು ಪಾಪಕ್ಕಿಂತ ದೊಡ್ಡದು.

ಆಮೇಲೆ ಪರ್ಸಿನಿಂದ ನನ್ನ ಹೆಲ್ತ್ ಕಾರ್ಡ್ ತೆಗೆದು ತೋರಿಸಿದೆ. ಎರಡು ವರ್ಷದ ಕೆಳಗೆ ಮಗಳು ಮಂಜಿನ ಮೇಲೆ ಜಾರಿ ಕೈ ಮುರಿದುಕೊಂಡಾಗ ಆಸ್ಪತ್ರೆಯಲ್ಲಿ ಆರು ಗಂಟೆ ಕಾಯಿಸಿದ್ದರು, ನಾನು ಒಳಗೊಳಗೇ ಬೈದುಕೊಂಡಿದ್ದೆ. ಆದರೆ ಹೊರಡುವಾಗ ಬಿಲ್ಲು ಅನ್ನುವುದೇ ಇರಲಿಲ್ಲ. ಈ ವ್ಯವಸ್ಥೆಗೆ 1966ರಲ್ಲಿ ದೇಶದ ಮಟ್ಟದ ಕಾನೂನು ತಂದ ಪ್ರಧಾನಿ ಲೆಸ್ಟರ್ ಪಿಯರ್ಸನ್‌ಗೆ ಎರಡು ಚುನಾವಣೆ ಗೆದ್ದೂ ಒಮ್ಮೆಯೂ ಬಹುಮತ ಸಿಗಲಿಲ್ಲ. ದೇಶದ ಪಿಂಚಣಿ ಯೋಜನೆ, ಮೇಪಲ್ ಎಲೆಯ ಬಾವುಟ ಎರಡೂ ಅವರ ಕಾಲದವೇ.

ಮಾವ ಕಾರ್ಡನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದು ನಮ್ಮ ಹೆಗಡೆ ಕಣೋ" ಅಂದರು.

1983. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅವರ ಜನತಾ ಪಕ್ಷಕ್ಕೆ 224ರಲ್ಲಿ 95. ಬಿಜೆಪಿಯ 18 ಮಂದಿ, ಜೊತೆಗೆ ಎಡಪಕ್ಷದವರು, ಎಲ್ಲರದೂ ಹೊರಗಿನಿಂದ ಬೆಂಬಲ. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದು. ಅದರಲ್ಲೇ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಜಿಲ್ಲಾ ಪರಿಷತ್ತಿನ ಮಸೂದೆ, ಅದರಲ್ಲೇ 1984ರ ಲೋಕಾಯುಕ್ತ ಕಾಯ್ದೆ. "ಈ ಸರ್ಕಾರ ಬಿದ್ದರೆ ಮತ್ತೆ ಕಾಂಗ್ರೆಸ್ಸೇ ಬರೋದು. ಅದು ಬೆಂಬಲ ಕೊಟ್ಟವರಿಗೂ ಗೊತ್ತಿತ್ತು, ಅವರಿಗೆ ಗೊತ್ತಿದೆ ಅಂತ ಹೆಗಡೆಯವರಿಗೂ ಗೊತ್ತಿತ್ತು. ನನ್ನ ಕೆಡವಿದರೆ ನಿನಗೆಷ್ಟು ನಷ್ಟ ಅನ್ನೋ ಲೆಕ್ಕ ತಲೇಲಿ ಇದ್ದವನು ಕಣೋ ಗಟ್ಟಿಗ. ಕ್ಲಾರ್ಕಿಗೆ ಅದು ಇರಲಿಲ್ಲ."

1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 24 ಕಾಂಗ್ರೆಸ್ಸಿಗೆ ಹೋದಾಗ, ಯಾರೂ ಕೆಡವದಿದ್ದರೂ ಹೆಗಡೆ ತಾವೇ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರಲ್ಲಿ 139 ಸೀಟಿನೊಂದಿಗೆ ವಾಪಸ್ ಬಂದರು.

ನಾನು ಸುಮ್ಮನಿರಲಿಲ್ಲ. "ಹಾಗಾದರೆ ದೇವೇಗೌಡರು? ಕಾಂಗ್ರೆಸ್ ಬೆಂಬಲ ವಾಪಸ್ ತೆಗೆದುಕೊಂಡಾಗ ಲೆಕ್ಕ ತಪ್ಪಲಿಲ್ಲವಾ? ಹನ್ನೊಂದು ತಿಂಗಳೂ ತುಂಬಲಿಲ್ಲ."

"ತಪ್ಪಿತು," ಅಂದರು ಮಾವ, ಬಿಡದೆ. "ಆದರೆ ಅಷ್ಟರಲ್ಲೇ ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದ ಮಾಡಿದರೋ ಇಲ್ಲವೋ? ಎಷ್ಟು ದಿನ ಕೂತ ಅಂತ ಮಾತ್ರ ನೋಡಿದರೆ ಕುರ್ಚಿಗೇ ಮಾರ್ಕ್ಸ್ ಕೊಡಬೇಕಾಗುತ್ತೆ."

ಕಾರ್ನಿಗೆ ಎಷ್ಟು ಮಾರ್ಕ್ಸ್ ಅಂತ ಕೇಳಿದರು. 168 ಮಂದಿ ವಿರುದ್ಧ ಹಾಕಿದ್ದೇನೋ ನಿಜ, ಆದರೆ ಏಳೇ ಸದಸ್ಯರಿದ್ದ ಎನ್‌ಡಿಪಿ ಅನ್ನೋ ವಿರೋಧ ಪಕ್ಷದಲ್ಲಿ ಇಬ್ಬರು ತಟಸ್ಥರಾದರು. ಚಳಿಗಾಲದಲ್ಲಿ ಮತ್ತೊಂದು ಚುನಾವಣೆ ಅವರಿಗೂ ಬೇಡವಾಗಿತ್ತು. ಅದನ್ನು ಮೊದಲೇ ಅಳೆದು ಸದನಕ್ಕೆ ಹೋದರೋ, ಅದೃಷ್ಟ ಕೈ ಹಿಡಿಯಿತೋ? ನನಗೆ ಅಳೆದೇ ಹೋದರು ಅನ್ನಿಸುತ್ತೆ. ಮಾವ ಒಪ್ಪಲಿಲ್ಲ. "ಒಂದು ಬಜೆಟ್ಟಿಗೆ ಹೇಳಕ್ಕಾಗಲ್ಲ" ಅಂತ ಕರೆಯೋಲೆ ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು. ಆ ಮದುವೆ ಭಾನುವಾರವೇ ಇತ್ತು. ಛತ್ರದ ವಿಳಾಸ ಆ ಕಾರ್ಡಲ್ಲೇ ಇದ್ದದ್ದು ಇಬ್ಬರಿಗೂ ನೆನಪಾದದ್ದು ಆಟೋ ಹತ್ತಿದ ಮೇಲೆ.