ಪಯಸ್ವಿನಿ ಬದಿಯಲ್ಲಿ ಎರಡು ದಿನ: ಹೊಸ ಜಾತಿಯ ಸಿಹಿನೀರ ಮೀನು ಹುಡುಕುವವರಿಗೆ

ಇದುವರೆಗೆ ಗಾಳಕ್ಕೆ ಸಿಗದ ಜಾತಿಯ ಮೀನನ್ನು ಹಿಡಿದು, ಗುರುತಿಸಿ, ಮತ್ತೆ ನೀರಿಗೆ ಬಿಡಬೇಕೆಂದು ಹೊರಡುವವರು ಹೆಚ್ಚಾಗಿ ದೊಡ್ಡ ಹೊಳೆ, ಅದರಲ್ಲೂ ಆಳದ ಕಯ (ಮಡು) ಹುಡುಕುತ್ತಾರೆ. ಕಾಸರಗೋಡಿನ ಒಳನಾಡಿನಲ್ಲಿ ಹಾಗೆ ಮಾಡಿದರೆ ಎರಡು ದಿನ ಕೂತರೂ ಎರಡು ಮೂರು ಜಾತಿಯ ಆಚೆ ಹೋಗುವುದು ಕಷ್ಟ. ಇಲ್ಲಿನ ಸಿಹಿನೀರಿನ ಮೀನುಗಳಲ್ಲಿ ಬಹುಪಾಲು ಅಂಗೈಗಿಂತ ಚಿಕ್ಕವು, ಒಂದೊಂದೂ ಒಂದೊಂದು ಬಗೆಯ ನೀರಿಗೆ ಅಂಟಿಕೊಂಡವು. ಕಲ್ಲಿನ ಮೇಲೆ ಹಾಯುವ ತೆಳು ನೀರಿನ ಮೀನು ಇಪ್ಪತ್ತು ಹೆಜ್ಜೆ ಕೆಳಗಿನ ನಿಂತ ನೀರಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಊರಿಂದೂರಿಗೆ ಓಡಬೇಡಿ. ಒಂದೇ ಹೊಳೆಯ ಆಸುಪಾಸಿನಲ್ಲಿ ನೀರಿನ ಬಗೆಯನ್ನು ಬದಲಿಸುತ್ತ ಹೋಗಿ, ಕೊಕ್ಕೆ ಆದಷ್ಟು ಚಿಕ್ಕದಿರಲಿ.

ಕಾಲ ಡಿಸೆಂಬರ್‌ನಿಂದ ಮಾರ್ಚ್ ಮೊದಲ ವಾರದ ತನಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ, ಬೆಂಡು (ಗಾಳದ ದಾರಕ್ಕೆ ಕಟ್ಟುವ ತೇಲುವ ತುಂಡು) ಕಾಣುವುದೂ ಇಲ್ಲ, ನಿಲ್ಲುವುದೂ ಇಲ್ಲ. ಹೊಸ ಮಳೆಗೆ ಮೊಟ್ಟೆಯಿಡಲು ತೋಡು (ಸಣ್ಣ ಹಳ್ಳ), ಗದ್ದೆಗೆ ಏರುವ ಮೀನನ್ನು ಹಿಡಿಯುವುದು ಕೇರಳದಲ್ಲಿ ಅಪರಾಧ. ಅದೂ ಅಲ್ಲದೆ ಮಳೆಗೆ ಮುಂಚೆ, ಮತ್ತೆ ಸುಮಾರು 45 ದಿನಕ್ಕೆ, ಅಡಕೆಗೆ ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಅದರಲ್ಲಿರುವ ತಾಮ್ರ ತೋಡಿಗೆ ಇಳಿದರೆ ಸಣ್ಣ ಮೀನಿಗೆ ತಾಳಲು ಆಗದು. ಏಪ್ರಿಲ್, ಮೇಯಲ್ಲಿ ಬೇರೆ ತೊಂದರೆ: ಹರಿವು ನಿಂತು ಗುಂಡಿಗಳಷ್ಟೇ ಉಳಿಯುತ್ತವೆ. ಮೀನು ಒಂದೆಡೆ ಸೇರಿರುವುದರಿಂದ ಸುಲಭವಾಗಿ ಸಿಗುತ್ತದೆ ನಿಜ. ಆದರೆ ಬಿಸಿಯಾಗಿ ಆಮ್ಲಜನಕ ಕಡಿಮೆಯಾದ ಆ ನೀರಿಗೆ ವಾಪಸು ಬಿಟ್ಟ ಮೀನು ಬದುಕುವುದು ಕಡಿಮೆ. ಆ ಎರಡು ತಿಂಗಳು ಗಾಳವನ್ನು ಮನೆಯಲ್ಲೇ ಇಡುವುದು ಒಳ್ಳೆಯದು.

ಉಳಿಯಲು ಕಾಸರಗೋಡು ಪೇಟೆ ಅಥವಾ ಸುಳ್ಯ, ಎರಡೂ ಸರಿ. ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ದಾರಿಯಾಗಿ ಸುಳ್ಯಕ್ಕೆ ಬಸ್ಸುಗಳಿವೆ. ಕೊಡಗಿನ ಬೆಟ್ಟದಿಂದ ಸಂಪಾಜೆ, ಅರಂತೋಡು, ಸುಳ್ಯ ದಾಟಿ ಇಳಿಯುವ ಪಯಸ್ವಿನಿ ಅಡೂರಿನ ಕಡೆಯಿಂದ ಕಾಸರಗೋಡು ಜಿಲ್ಲೆಗೆ ಬಂದು, ಕೆಳಗೆ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಚಂದ್ರಗಿರಿಯಲ್ಲಿ ಬಹಳ ಮೇಲೆ ಏರುತ್ತದೆ. ಅದನ್ನು ತಡೆಯಲೆಂದೇ ಬಾವಿಕ್ಕರೆಯಲ್ಲಿ ತಡೆ ಅಣೆಕಟ್ಟು ಇದೆ. ಅದರ ಕೆಳಗೆ ಸಿಗುವ ಮೀನನ್ನು ಸಿಹಿನೀರಿನ ಪಟ್ಟಿಗೆ ಸೇರಿಸಬೇಡಿ. ಮುಳ್ಳೇರಿಯದಿಂದ ಮೇಲಕ್ಕೆ ಹೋದರೆ ಆ ಅನುಮಾನವೇ ಇರುವುದಿಲ್ಲ.

ಈಗ ಸಾಮಾನು. ಇದರಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ರೀಲು ಬೇಡ. ಮೂರು ಮೀಟರ್ ಉದ್ದದ, ಮಡಿಸಿ ಚೀಲಕ್ಕೆ ಹಾಕಬಹುದಾದ ಹಗುರ ಕೋಲು ಸಾಕು; ತುದಿ ಬಳುಕುವ ಸಪುರ ಬಿದಿರೂ ಆದೀತು. ದಾರ ಕೋಲಿಗಿಂತ ಒಂದು ಗೇಣು ಗಿಡ್ಡವಿರಲಿ. ಉದ್ದವಾದರೆ ಮೀನನ್ನು ಕೈಗೆ ತರುವಾಗ ಅದು ಕಲ್ಲಿಗೆ ಬಡಿಯುತ್ತದೆ. ಮುಖ್ಯ ದಾರ 0.14 ಮಿ.ಮೀ. ದಪ್ಪದ ನೈಲಾನ್, ಕೊನೆಯ 15 ಸೆಂ.ಮೀ. 0.10 ಮಿ.ಮೀ. ಹೀಗೆ ತುದಿ ಸಪುರವಿದ್ದರೆ ಕಲ್ಲಿಗೆ ಸಿಕ್ಕಾಗ ಕೊಕ್ಕೆಯಷ್ಟೇ ಹೋಗುತ್ತದೆ, ಬೆಂಡು ಉಳಿಯುತ್ತದೆ. ಬೆಂಡು ಬೆಂಕಿಕಡ್ಡಿಯಷ್ಟು ದಪ್ಪ, ಮೂರು ಸೆಂ.ಮೀ. ಉದ್ದ. ಸೀಸದ ಗುಂಡು ಸಾಸಿವೆ ಕಾಳಿನಷ್ಟು, ಕೊಕ್ಕೆಯಿಂದ ಹತ್ತು ಸೆಂ.ಮೀ. ಮೇಲೆ. ಬೆಂಡಿನ ತುದಿ ಮಾತ್ರ ನೀರ ಮೇಲೆ ಕಾಣುವಷ್ಟು ಭಾರ ಹೊಂದಿಸಿ. ಅರ್ಧ ಬೆಂಡು ಮೇಲೆ ತೇಲುತ್ತಿದ್ದರೆ ಸಣ್ಣ ಮೀನು ಎಳೆದದ್ದು ತಿಳಿಯುವುದೇ ಇಲ್ಲ, ಅಷ್ಟರಲ್ಲಿ ಅದು ಎರೆಯನ್ನು ಉಗುಳಿಯೂ ಆಗಿರುತ್ತದೆ.

ಕೊಕ್ಕೆಯ ಅಳತೆಯಲ್ಲಿ ಸಂಖ್ಯೆ ಏರಿದಷ್ಟೂ ಗಾತ್ರ ಇಳಿಯುತ್ತದೆ. ಪೇಟೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 8, 10, 12 ಕಯದ ಮೀನಿಗೆ ಸರಿ. ತೋಡಿನ ಮೀನಿಗೆ 20ರಿಂದ 26 ಬೇಕು. ಇದನ್ನು ಮೊದಲೇ ಆನ್‌ಲೈನಿನಲ್ಲಿ ತರಿಸಿಟ್ಟುಕೊಳ್ಳಿ. ಇಕ್ಕುಳದಿಂದ ಪ್ರತಿ ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ನಾಲ್ಕು ಸೆಂ.ಮೀ. ಮೀನಿನ ಬಾಯಿಯಿಂದ ಮುಳ್ಳಿರುವ ಕೊಕ್ಕೆ ತೆಗೆದರೆ ತುಟಿಯೇ ಹರಿದು ಬರುತ್ತದೆ. ಮುಳ್ಳಿಲ್ಲದ್ದರಿಂದ ಮೀನು ತಪ್ಪಿಸಿಕೊಳ್ಳುತ್ತದೆ ಎಂಬ ಹೆದರಿಕೆ ಬೇಡ, ದಾರ ಸಡಿಲ ಬಿಡದಿದ್ದರೆ ಆಯಿತು.

ಎರೆಗೆ ಎರೆಹುಳು, ಗೋಧಿ ಹಿಟ್ಟು, ಚಗಳಿ ಇರುವೆಯ ಮೊಟ್ಟೆ. ಹುಳುವನ್ನು ಇಡಿಯಾಗಿ ಪೋಣಿಸುವ ಅಭ್ಯಾಸ ಇಲ್ಲಿ ನಡೆಯದು. ಬ್ಲೇಡಿನಿಂದ ಎರಡು ಮಿ.ಮೀ. ತುಂಡು ಮಾಡಿ ಕೊಕ್ಕೆಯ ತುದಿಗೆ ಮಾತ್ರ ಚುಚ್ಚಿ. ಬೆಂಡು ಕುಣಿಯುತ್ತಿದೆ, ಎಳೆದರೆ ಏನೂ ಇಲ್ಲ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಕೊಕ್ಕೆಯಿಂದ ಆಚೆ ಜೋತಾಡುವ ಹುಳುವಿನ ಬಾಲ. ಮೀನು ಅದನ್ನಷ್ಟೇ ಕಚ್ಚಿ ಎಳೆಯುತ್ತಿರುತ್ತದೆ. ಗೋಧಿ ಹಿಟ್ಟನ್ನು ಚಪಾತಿಗಿಂತ ಗಟ್ಟಿಯಾಗಿ, ಸ್ವಲ್ಪ ಹತ್ತಿ ಸೇರಿಸಿ ಕಲಸಿದರೆ ಹರಿವಿನಲ್ಲಿ ಬೇಗ ಕರಗುವುದಿಲ್ಲ. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಗಾರಾ ಜಾತಿಗೆ ಈ ಮೂರೂ ಅಷ್ಟಾಗಿ ಹಿಡಿಸವು. ಅದೇ ಕಲ್ಲಿನ ಪಾಚಿಯ ಎಳೆಯನ್ನು ಕೊಕ್ಕೆಗೆ ಸುತ್ತಿ, ಅದರ ಮೂತಿಯ ಮುಂದೆ ನೆಲಕ್ಕೆ ತಾಗಿಸಿ ಇಟ್ಟು ಕಾಯಬೇಕು.

ಶನಿವಾರ ಬೆಳಗ್ಗೆ ಅಡೂರಿನ ಸುತ್ತಮುತ್ತ ಹೊಳೆಗೆ ಬಂದು ಸೇರುವ ಯಾವುದಾದರೂ ತೋಡಿನಿಂದ ಶುರು ಮಾಡಿ. ತೋಡಿಗೆ ಇಳಿಯುವ ದಾರಿ ಹೆಚ್ಚಾಗಿ ಯಾರದ್ದೋ ಅಡಕೆ ತೋಟದ ನಡುವೆ ಇರುತ್ತದೆ. ಮನೆಯವರನ್ನು ಕಂಡು ಕೇಳಿಯೇ ಇಳಿಯಿರಿ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಮಾತಾಡಿದರೂ ನಡೆಯುತ್ತದೆ. ಹಿಡಿದು ಬಿಡುವುದಕ್ಕೆ ಎಂದು ಮೊದಲೇ ಹೇಳಿದರೆ ಯಾವ ಗುಂಡಿಯಲ್ಲಿ ಏನಿದೆ ಎಂದು ಅವರೇ ತೋರಿಸುವುದುಂಟು.

ಹರಿವಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಮೀನು ಹರಿವಿಗೆ ಮುಖಮಾಡಿ ನಿಲ್ಲುವುದರಿಂದ ಹಿಂದಿನಿಂದ ಬರುವವರು ಅದಕ್ಕೆ ಕಾಣುವುದಿಲ್ಲ, ಕಾಲಿನಿಂದ ಎದ್ದ ಕೆಸರೂ ಕೆಳಗೆ ಹೋಗುತ್ತದೆ. ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಮೊಣಕಾಲು ಮುಳುಗದ, ಕಲ್ಲಿನ ನಡುವೆ ಸುಳಿಯುವ ನೀರಿನಲ್ಲಿ ಮೊದಲು ಬರುವುದು ಮಲಬಾರ್ ಡೇನಿಯೊ ಮತ್ತು ಒಪ್ಸಾರಿಯಸ್ ಕೆನರೆನ್ಸಿಸ್. ಎರಡನೆಯದನ್ನು ಪ್ರಾಣಿಶಾಸ್ತ್ರಜ್ಞ ಜೆರ್ಡನ್ 1849ರಲ್ಲಿ ವಿವರಿಸಿದಾಗ ಕಾಸರಗೋಡು ಕೆನರಾ ಜಿಲ್ಲೆಯ ಒಳಗೇ ಇತ್ತು. ತನ್ನ ಹೆಸರಿನ ನೆಲದಲ್ಲೇ ಸಿಗುವ ಈ ಮೀನಿಗಾಗಿ ಅರ್ಧ ಬೆಳಗು ಕಳೆದರೂ ನಷ್ಟವಿಲ್ಲ. ಇವಕ್ಕೆ ಸೀಸ ಬೇಡವೇ ಬೇಡ. ಎರೆಯನ್ನು ಮೇಲುನೀರಿನಲ್ಲಿ ತೇಲಿಬಿಟ್ಟು ಹರಿವು ತಿರುಗುವ ಕಡೆಗೆ ಒಯ್ಯಲು ಬಿಡಿ. ಅಂಚಿನ ಹುಲ್ಲಿನ ಕೆಳಗೆ ನೀರು ನಿಂತಂತಿರುವಲ್ಲಿ, ತಲೆಯ ಮೇಲೆ ಬಿಳಿ ಚುಕ್ಕೆ ಹೊಳೆಯುವ ಅಪ್ಲೊಕೈಲಸ್ ಲೀನಿಯೇಟಸ್ ಇರುತ್ತದೆ. ಅದು ನೀರಿನ ಮೇಲೆ ಬಿದ್ದ ಇರುವೆಯನ್ನೇ ನೋಡುತ್ತಿರುತ್ತದೆ. ಚಗಳಿಯ ಒಂದು ಮೊಟ್ಟೆ ಎದುರಿಗೆ ಬಿದ್ದರೆ ತಡಮಾಡುವುದಿಲ್ಲ.

ಇಲ್ಲಿ ಎಲ್ಲರಿಗೂ ಎದುರಾಗುವ ಕಾಟ ರಾಸ್ಬೋರಾ ಎಂಬ ಸಣ್ಣ ಮೀನು. ಹಿಂಡಾಗಿ ಬಂದು ಪ್ರತಿ ಎರೆಯನ್ನೂ ಅದೇ ಕಚ್ಚತೊಡಗಿದರೆ ಜಾಗ ಬಿಡುವ ಮೊದಲು ಆಳ ಬದಲಿಸಿ. ಗುಂಡನ್ನು ಕೊಕ್ಕೆಯಿಂದ ಮೂರು ಸೆಂ.ಮೀ.ಗೆ ಇಳಿಸಿ, ಎರೆ ನೇರ ತಳಕ್ಕೆ ಹೋಗುವಂತೆ ಮಾಡಿದರೆ ಹಿಂಡಿನ ಕೆಳಗಿರುವ ಪಟ್ಟೆಯ ಹಲುಡಾರಿಯಾ, ಮರಳಿನ ಮೇಲೆ ಕೂತ ಗ್ಲೊಸೊಗೋಬಿಯಸ್ ಸಿಗುತ್ತವೆ.

ಸಂಜೆ ನಾಲ್ಕೂವರೆಯ ನಂತರ ಹೊಳೆಯ ಕಯಕ್ಕೆ ಬನ್ನಿ. ಇಲ್ಲಿ 12ರ ಕೊಕ್ಕೆ, ಅರ್ಧ ಹುಳು. ಬಾಲದ ಬುಡದ ಹತ್ತಿರ ಕಪ್ಪು ಮಚ್ಚೆ, ಬಾಲದ ಎರಡೂ ತುದಿಗೆ ಕೆಂಪು ಮತ್ತು ಕಪ್ಪು ಇರುವ ಡಾಕಿನ್ಸಿಯಾ ಫಿಲಮೆಂಟೋಸಾ ಇಲ್ಲಿ ಸಾಮಾನ್ಯ. ಬೆಳಕು ಇಳಿದಂತೆ ಮೀಸೆಯ ಮಿಸ್ಟಸ್ ತಳದಿಂದ ಏಳುತ್ತದೆ. ಅದರ ಎದೆಯ ರೆಕ್ಕೆ ಮತ್ತು ಬೆನ್ನಿನ ಮುಳ್ಳು ಚುಚ್ಚಿದರೆ ಬಹಳ ಹೊತ್ತು ಉರಿಯುತ್ತದೆ. ಬರಿಗೈಯಲ್ಲಿ ಹಿಡಿಯದೆ ಇಕ್ಕುಳದಿಂದ ಕೊಕ್ಕೆ ಬಿಡಿಸಿ. ಕೊಕ್ಕೆ ನುಂಗಿದ್ದರೆ ಎಳೆಯಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಟ್ಟುಬಿಡಿ. ಬೆಂಡು ಅಲುಗಿದ ಕೂಡಲೆ ಎಳೆದರೆ ನುಂಗುವ ಪ್ರಮೇಯವೇ ಬರುವುದಿಲ್ಲ.

ಕತ್ತಲಾಗುವ ಮೊದಲು ಹೊಳೆ ಬಿಡಬೇಕು. ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆಗಳಲ್ಲಿ ಕಾಡಾನೆಗಳು ಹೊಳೆಗೂ ತೋಟಕ್ಕೂ ಇಳಿಯುತ್ತವೆ. ಹಿಂದಿನ ರಾತ್ರಿ ಆನೆ ಬಂದಿತ್ತೇ ಎಂದು ಊರವರನ್ನು ಕೇಳದೆ ಬೆಳಗ್ಗೆ ಕೂಡ ಇಳಿಯಬೇಡಿ.

ಭಾನುವಾರಕ್ಕೆ ಕುಂಬ್ಡಾಜೆ ಪಂಚಾಯತಿನ ಏತಡ್ಕದ ಕಡೆ ಹೋಗಿ. ಬದಿಯಡ್ಕದಿಂದ ಹತ್ತಿರ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣಿನಿಂದ ಕಟ್ಟ ಕಟ್ಟುವ ಪದ್ಧತಿ ಇಲ್ಲಿ ಇನ್ನೂ ಜೀವಂತವಿದೆ. ಮೀನು ಹುಡುಕುವವರಿಗೆ ಕಟ್ಟ ಎಂದರೆ ಒಂದೇ ಜಾಗದಲ್ಲಿ ಎರಡು ಬೇರೆ ಹೊಳೆ ಸಿಕ್ಕಂತೆ. ಕೆಳಗೆ, ಸೋರಿ ಬೀಳುವ ನೀರಿನಲ್ಲಿ ಆಮ್ಲಜನಕ ಹೆಚ್ಚು, ತೋಡಿನ ಚುರುಕು ಮೀನುಗಳು ಅಲ್ಲಿ ಸೇರುತ್ತವೆ. ಮೇಲೆ, ನಿಂತ ನೀರಿನ ಅಂಚಿನಲ್ಲಿ ಹಳದಿ ಮೈಯ ಸ್ಯೂಡೆಟ್ರೊಪ್ಲಸ್ ಮ್ಯಾಕುಲೇಟಸ್, ತಳದ ಎಲೆಗೊಬ್ಬರದಲ್ಲಿ ವರಾಲ್ (ಹಾವಿನಂಥ ತಲೆಯ ಮೀನು) ಜಾತಿಯವು. ಕಟ್ಟದ ಮೇಲೆ ನಡೆಯಬೇಡಿ, ಒಂದು ಕಲ್ಲನ್ನೂ ಕದಲಿಸಬೇಡಿ. ಅದು ಸೋರಿದರೆ ಬೇಸಿಗೆಯಲ್ಲಿ ನೀರಿಲ್ಲದೆ ಒಣಗುವುದು ಅವರ ತೋಟ.

ಬೈಲಿನ ಗದ್ದೆ ಬದಿಯ ಕಿರುಗಾಲುವೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಲ್ಲಿ ಮರಳು, ಕೆಸರಿನಲ್ಲಿ ಹುದುಗುವ ಲೆಪಿಡೊಸೆಫಲಿಕ್ತಿಸ್ ಥರ್ಮಾಲಿಸ್ ಇದೆ, ಬೆರಳಿನಷ್ಟೂ ದಪ್ಪವಿಲ್ಲ. 26ರ ಕೊಕ್ಕೆಗೆ ಕಾಣದಷ್ಟು ಸಣ್ಣ ಹುಳುವಿನ ತುಂಡು ಸಿಕ್ಕಿಸಿ, ಕಣ್ಣಿಗೆ ಕಂಡ ಮೀನಿನ ಮೀಸೆಯ ಮುಂದೆಯೇ ಇಳಿಸಬೇಕು. ತಾಳ್ಮೆಯ ಕೆಲಸ, ನಮ್ಮ ಮಟ್ಟಿಗೆ ಈ ಪ್ರವಾಸದ ಅತ್ಯಂತ ಒಳ್ಳೆಯ ಗಂಟೆ ಅದೇ.

ಹಿಡಿದ ಮೀನಿನ ಜಾತಿ ಖಚಿತವಾಗದಿದ್ದರೆ ಹಿಡಿದೂ ಹಿಡಿದಂತಲ್ಲ. ಅಂಗೈ ಅಗಲದ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ ಒಯ್ಯಿರಿ. ಅದೇ ತೋಡಿನ ನೀರು ತುಂಬಿ, ನೆರಳಿನಲ್ಲಿ, ಎಡ ಮಗ್ಗುಲು ಕಾಣುವಂತೆ ಚಿತ್ರ ತೆಗೆಯಿರಿ. ಒಂದು ಬದಿಗೆ ಅಳತೆಪಟ್ಟಿ ಅಂಟಿಸಿರಲಿ. ಒಣ ಕೈಯಿಂದ ಮುಟ್ಟಿದರೆ ಮೈಯ ಲೋಳೆ ಹೋಗಿ ಆಮೇಲೆ ಬೂಷ್ಟು ಹಿಡಿಯುತ್ತದೆ, ಕೈ ಒದ್ದೆ ಮಾಡಿಕೊಳ್ಳಿ. ಪೆಟ್ಟಿಗೆಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಒಪ್ಸಾರಿಯಸ್‌ಗಳಲ್ಲಿ ಮೈಮೇಲಿನ ಮಚ್ಚೆ ಎರಡು ಸಾಲಿದ್ದರೆ ಕೆನರೆನ್ಸಿಸ್, ಒಂದೇ ಸಾಲು ದೊಡ್ಡ ಮಚ್ಚೆ ಇದ್ದರೆ ಬೇಕೆರಿ. ಡಾಕಿನ್ಸಿಯಾದ ಮರಿಗೆ ಮೈಮೇಲೆ ಅಡ್ಡಪಟ್ಟೆ ಇರುವುದರಿಂದ ಅದನ್ನು ಹಲುಡಾರಿಯಾ ಎಂದು ಬರೆದುಕೊಳ್ಳುವವರು ಬಹಳ. ಬಾಲದ ತುದಿಯ ಬಣ್ಣ ನೋಡಿ ತೀರ್ಮಾನಿಸಿ.

ಮೂತಿಯಿಂದ ಹೊರಟ ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ, ಬಾಲದ ತುದಿಯಲ್ಲಿ ಕಪ್ಪು ಹಳದಿ ಇರುವ ಮೀನು ಬಂದರೆ ಅದು ಸಹ್ಯಾದ್ರಿಯಾ ಡೆನಿಸೋನಿ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಅಪಾಯದ ಅಂಚಿಗೆ ತಂದಿರುವ ಜಾತಿ. ಅದನ್ನು ಗುರಿಯಿಟ್ಟು ಹಿಡಿಯಬೇಡಿ. ತಾನಾಗಿ ಬಂದರೆ ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿ, ಕಂಡ ಜಾಗವನ್ನು ಯಾರಿಗೂ ಹೇಳಬೇಡಿ, ಚಿತ್ರದ ಜೊತೆಗಿನ ಜಿಪಿಎಸ್ ಗುರುತನ್ನೂ ಅಳಿಸಿ. ಮರಿಗಳ ಹಿಂಡಿನ ಸುತ್ತ ಕಾವಲು ನಿಂತ ವರಾಲ್, ಕಲ್ಲಿಗೆ ಅಂಟಿದ ಮೊಟ್ಟೆಗೆ ರೆಕ್ಕೆ ಬೀಸುತ್ತಿರುವ ಸ್ಯೂಡೆಟ್ರೊಪ್ಲಸ್ ಜೋಡಿ, ಇವನ್ನೂ ಹಾಗೇ ಬಿಡಬೇಕು. ಕಾವಲು ನಿಂತ ಮೀನನ್ನು ಎತ್ತಿದ ಸ್ವಲ್ಪ ಹೊತ್ತಿನಲ್ಲೇ ಉಳಿದ ಮೀನುಗಳು ಮೊಟ್ಟೆ, ಮರಿ ಎಲ್ಲವನ್ನೂ ತಿಂದು ಮುಗಿಸುತ್ತವೆ.

ದೇವಸ್ಥಾನದ ಕೆರೆ, ಸುಳ್ಯದ ತೊಡಿಕಾನದ ಮತ್ಸ್ಯತೀರ್ಥದಂಥ ಜಾಗ, ಮೀಸಲು ಅರಣ್ಯದ ಒಳಗಿನ ತೋಡು, ಇವೆಲ್ಲ ಗಾಳಕ್ಕೆ ಹೊರತು. ಉಳಿದ ಕಡೆಯ ನಿಯಮವನ್ನು ಪಂಚಾಯತಿನಲ್ಲೋ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೋ ಮೊದಲೇ ವಿಚಾರಿಸಿ. ಮೀನಿಗೆ ವಿಷವಾಗುವ ಕಾರೆಕಾಯಿ ಜಜ್ಜಿ ಹಾಕುವುದು, ಸಿಡಿಮದ್ದು, ಕರೆಂಟು ಬಿಡುವುದು ಕಂಡರೆ ಇಲಾಖೆಗೆ ತಿಳಿಸಿ. ಹಾಗೆ ಒಮ್ಮೆ ಕಲಕಿದ ಗುಂಡಿಯಲ್ಲಿ ಮರಿಯಿಂದ ಹಿಡಿದು ಎಲ್ಲವೂ ಸಾಯುತ್ತವೆ.

ಪಾಚಿ ಹಿಡಿದ ಮುರಕಲ್ಲು ಜಾರುತ್ತದೆ, ರಬ್ಬರಿನ ಗಟ್ಟಿ ಹಿಡಿತದ ಬೂಟು ಬೇಕು. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡಿ, ಇಲಿಜ್ವರ ಇಲ್ಲಿ ಅಪರೂಪವಲ್ಲ. ವಾಪಸು ಬಂದು ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ತೋಡಿಗೆ ಇಳಿದದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಶನಿವಾರದ ಹೊಳೆಗೂ ಭಾನುವಾರದ ತೋಡಿಗೂ ನೀರು ಬೇರೆ. ಒಂದರ ಮೀನನ್ನಾಗಲಿ, ಪೆಟ್ಟಿಗೆಯ ನೀರನ್ನಾಗಲಿ ಇನ್ನೊಂದಕ್ಕೆ ಸುರಿಯಬಾರದು. ಹೊರಗಿನಿಂದ ಬಂದ ತಿಲಾಪಿಯಾ ಸಿಕ್ಕಿದರೆ ಮತ್ತೆ ನೀರಿಗೆ ಬಿಡದೆ ಅಡುಗೆಗೆ ಒಯ್ಯಬಹುದು. ಬೂಟು, ಪೆಟ್ಟಿಗೆ, ಬೆಂಡು ಎಲ್ಲವನ್ನೂ ಶನಿವಾರ ರಾತ್ರಿಯೇ ಒಳ್ಳೆಯ ನೀರಿನಲ್ಲಿ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಒಣಗಲು ಇಡಿ. ಬೂಟು ಒಣಗದಿದ್ದರೆ ಭಾನುವಾರಕ್ಕೆ ಬೇರೆ ಜೋಡಿ ಇರಲಿ.