ಮೇಲಿನ ಮನೆ ಅಜ್ಜಿಯ ಲೇಬ್‌ಕೂಖನ್

ನವೆಂಬರ್ ಮುಗೀತಾ ಬಂತು ಅಂದ್ರೆ ಜರ್ಮನಿಯ ನ್ಯೂರೆಂಬರ್ಗಲ್ಲಿ ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲ ತುಂಬಾ ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ ಘಮ. ಕ್ರಿಸ್‌ಮಸ್‌ಗೆ ಮಾಡೋ ಲೇಬ್‌ಕೂಖನ್ ಅದು, ಮಸಾಲೆ ಹಾಕಿದ ಮೆತ್ತಗಿನ ದುಂಡು ಬಿಸ್ಕತ್ತು. ಸುತ್ತಲಿನ ಕಾಡಲ್ಲಿ ಜೇನು ಸಿಗ್ತಿತ್ತು, ವೆನಿಸ್ ಕಡೆಯಿಂದ ಮಸಾಲೆ ವ್ಯಾಪಾರ ಈ ಊರಿಗೆ ಬರ್ತಿತ್ತು, ಹಂಗಾಗಿ ಈ ತಿಂಡಿ ಇಲ್ಲೇ ಬೇರು ಬಿಡ್ತು, 1643ರಲ್ಲೇ ಇದನ್ನ ಮಾಡೋರದ್ದೇ ಒಂದು ಸಂಘ ಆಗಿತ್ತು.

ಅದರಲ್ಲೂ ಎಲೀಸನ್ ಅನ್ನೋದು ಮೇಲ್ದರ್ಜೆದು. ಬಾದಾಮಿ, ಹೇಜಲ್‌ನಟ್ ಇಲ್ಲಾ ಅಕ್ರೋಟು, ಒಟ್ಟು ಕನಿಷ್ಠ 25% ಇರ್ಬೇಕು, ಹಿಟ್ಟು 10% ದಾಟೋ ಹಂಗಿಲ್ಲ. ನಮ್ಮ ಮೇಲಿನ ಮನೆ ಅಜ್ಜಿಯಂತೂ ಹಿಟ್ಟೇ ಹಾಕಲ್ಲ. ಮೊಟ್ಟೆ ಸಕ್ಕರೆ ನೊರೆ ಬರೋವರೆಗೂ ಕಡೆದು, ಪುಡಿ ಮಾಡಿದ ಬಾದಾಮಿ, ಸಕ್ಕರೆಪಾಕದ ಕಿತ್ತಳೆ ಸಿಪ್ಪೆ, ಆಮೇಲೆ ಏಲಕ್ಕಿ, ಜಾಯಿಪತ್ರೆ, ಶುಂಠಿ, ಕೊತ್ತಂಬರಿ ಬೀಜದ ಪುಡಿನೂ (ಸಿಹಿಗೆ ಕೊತ್ತಂಬರಿನಾ ಅನ್ಬೇಡಿ, ತಿಂದು ನೋಡಿ). ಏಲಕ್ಕಿ ಮಾತ್ರ ನಾನು ಶಿರಸಿಯಿಂದ ತಂದಿದ್ದೇ ಆಗ್ಬೇಕು ಅವರಿಗೆ, ಇಲ್ಲಿ ಅಂಗಡಿ ಪುಡಿಗೆ ಪರಿಮಳನೇ ಇಲ್ಲ ಅಂತಾರೆ, ನಿಜ ಕೂಡ.

ರೆಸಿಪಿ ಅವರಜ್ಜಿ ಬರೆದ ಚೀಟಿಲಿದೆ, ಆದ್ರೆ ಅದು ಹಳೇ ಜರ್ಮನ್ ಕೈಬರಹ, 1941ರಲ್ಲಿ ಶಾಲೆಗಳಲ್ಲಿ ಕಲಿಸೋದನ್ನ ನಿಲ್ಲಿಸಿದ್ರು. ನಮ್ಮ ಧಾರವಾಡ ಕಡೆ ಮುತ್ತಜ್ಜಂದಿರ ಮೋಡಿ ಲಿಪಿ ಕಾಗದಗಳು ಟ್ರಂಕಲ್ಲಿ ಇರ್ತಾವಲ್ಲ, ಮನೇಲಿ ಒಬ್ಬರಿಗೂ ಓದಕ್ಕೆ ಬರಲ್ಲ, ಅದೇ ಕಥೆ. ಈ ಅಜ್ಜಿಗೆ ಅವರಮ್ಮ ಓದಕ್ಕೆ ಹೇಳ್ಕೊಟ್ಟಿದ್ರಂತೆ, ಮೊಮ್ಮಗನಿಗೆ ಒಂದಕ್ಷರನೂ ಬರಲ್ಲ. ಅವನಿಗೆ ಫೋನಲ್ಲಿ ಟೈಪ್ ಮಾಡ್ಕೊಳ್ಳೋಕೂ ಬಿಡಲ್ಲ ಅವರು, ಮೊದಲು ಹದ ಕೈಗೆ ಹತ್ತಲಿ ಅಂತ ಪಕ್ಕದಲ್ಲೇ ನಿಲ್ಲಿಸ್ಕೋತಾರೆ. ನನಗಿದು ಸರಿ ಅನ್ಸತ್ತೆ, ಯಾಕಂದ್ರೆ ಮೊಟ್ಟೆ ಸೈಜು ಒಂದೇ ತರ ಇರಲ್ಲ, ಬಾದಾಮಿ ಹೀರೋದೂ ಒಂದೇ ತರ ಇರಲ್ಲ, ಅಳತೆ ನೆಚ್ಕೊಂಡ್ರೆ ಒಂದ್ಸಲ ಹರಿದು ಹೋಗತ್ತೆ ಇನ್ನೊಂದ್ಸಲ ಕಲ್ಲಾಗತ್ತೆ.

ಚರ್ಚಲ್ಲಿ ಕೊಡ್ತಾರಲ್ಲ, ಆ ಜಾತಿ ತಿನ್ನೋ ತೆಳು ಬಿಳಿ ಹಾಳೆ ಮೇಲೆ ಮಿಶ್ರಣ ಇಟ್ಟು, ಚಾಕು ನೀರಲ್ಲಿ ಅದ್ದಿ ಅದ್ದಿ ನಡುವೆ ಉಬ್ಬು, ಅಂಚಿಗೆ ಇಳಿಜಾರು ಬರೋ ಹಂಗೆ ಸವರ್ತಾರೆ. ಮೊಮ್ಮಗ ಸವರಿದ್ದು ಅಂಚಲ್ಲಿ ದಪ್ಪ ಉಳಿದ್ರೆ ಏನೂ ಮಾತಾಡದೆ ಅವನ ಕೈ ಮೇಲೆ ತಮ್ಮ ಕೈ ಇಟ್ಟು ಒಂದು ಸುತ್ತು ತಿರುಗಿಸ್ತಾರೆ. ರಾತ್ರಿಯಿಡೀ ಒಣಗಿಸಿ ಬೆಳಿಗ್ಗೆ ಸಣ್ಣ ಉರೀಲಿ ಬೇಯಿಸೋದು, ಮೇಲೆ ಗಟ್ಟಿ ಒಳಗೆ ಹಸಿಹಸಿ ಇರ್ಬೇಕು. ಆಮೇಲೆ ಡಬ್ಬಿಗೆ ಹಾಕಿ ಜೊತೆಗೆ ಒಂದು ಹೋಳು ಸೇಬು ಇಡ್ತಾರೆ, ಆ ತೇವಕ್ಕೆ ವಾರಗಟ್ಟಲೆ ಮೆತ್ತಗಿರತ್ತೆ, ಹೋಳು ಮಾತ್ರ ಆಗಾಗ ಬದಲಾಯಿಸ್ಬೇಕು ಇಲ್ಲಾಂದ್ರೆ ಬೂಷ್ಟು.

ನಿಮಗೆ ಯಾರಾದ್ರೂ ಇಲ್ಲಿಂದ ಡಬ್ಬಿ ತಂದುಕೊಟ್ರೆ ಮೇಲೆ ಎಲೀಸನ್ ಅಂತ ಇದೆಯಾ ನೋಡ್ಕೊಳಿ, ಮತ್ತೆ ಇದರಲ್ಲಿ ಮೊಟ್ಟೆ ಇರತ್ತೆ, ತಿನ್ನದೇ ಇರೋರಿಗೆ ಮೊದಲೇ ಹೇಳ್ಬಿಡಿ.