ಆನ್‌ಲೈನ್ ಯೋಗ ತರಗತಿ: ಯಾವುದಕ್ಕೆ ಮನೆ ಸಾಕು, ಯಾವುದಕ್ಕೆ ಹೋಗಲೇಬೇಕು

2020ರ ಲಾಕ್‌ಡೌನ್ ಕಾಲದಲ್ಲಿ ಅನಿವಾರ್ಯವಾಗಿ ಆನ್‌ಲೈನ್ ತರಗತಿಗಳನ್ನು ಆರಂಭಿಸಿದ ಅನೇಕ ಯೋಗ ಕೇಂದ್ರಗಳು, ಬಾಗಿಲು ತೆರೆದ ಮೇಲೂ ಅವನ್ನು ನಿಲ್ಲಿಸಲಿಲ್ಲ. ಮನೆಯಲ್ಲಿ ಹಿರಿಯರನ್ನೋ ಎಳೆಯ ಮಕ್ಕಳನ್ನೋ ಬಿಟ್ಟು ಹೊರಡಲಾಗದವರಿಗೆ ಇದು ದೊಡ್ಡ ಅನುಕೂಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಯಾವ ಅಭ್ಯಾಸವನ್ನು ಪರದೆಯ ಮೂಲಕ ಕಲಿಯಬಹುದು, ಯಾವುದನ್ನು ಕಲಿಯಲಾಗದು ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಯೋಚಿಸಬೇಕು.

ಮೈಸೂರಿನ ಪದ್ಧತಿಯನ್ನೇ ನೋಡೋಣ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು, ಮೊದಲು ಲಕ್ಷ್ಮೀಪುರಂನಲ್ಲಿ, ಮುಂದೆ ಗೋಕುಲಂನಲ್ಲಿ, ಉಸಿರಿಗೆ ಹೊಂದಿಸಿ ಆಸನಗಳನ್ನು ಒಂದರ ಹಿಂದೊಂದು ಮಾಡುವ ಅಷ್ಟಾಂಗ ವಿನ್ಯಾಸ ಯೋಗವನ್ನು ಕಲಿಸಿದರು. ಈ ಪದ್ಧತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ಲಯದಲ್ಲಿ, ತಾವು ಕಲಿತಷ್ಟನ್ನು ಮಾಡುತ್ತಿರುತ್ತಾರೆ. ಗುರುಗಳು ನಡುವೆ ಓಡಾಡುತ್ತಾ ತಿದ್ದುತ್ತಾರೆ, ಒಂದು ಆಸನ ಹದಕ್ಕೆ ಬಂದ ಮೇಲಷ್ಟೇ ಮುಂದಿನದನ್ನು ಹೇಳಿಕೊಡುತ್ತಾರೆ. ಮರೀಚ್ಯಾಸನದಲ್ಲಿ ಬೆನ್ನ ಹಿಂದೆ ಕೈಗಳು ಸೇರದಿದ್ದಾಗ ಭುಜ ಎತ್ತ ತಿರುಗಬೇಕೆಂಬುದು ಗುರುವಿನ ಅಂಗೈ ತಾಗಿದೊಡನೆ ತಿಳಿಯುತ್ತದೆ. ಅದನ್ನೇ ಸ್ಪೀಕರಿನಲ್ಲಿ ಎಷ್ಟು ಸಲ ಕೇಳಿದರೂ ಮೈಗೆ ಹತ್ತುವುದು ನಿಧಾನ. ಜೊತೆಗೆ, ಹೆಚ್ಚಿನವರು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಎದುರಿಗೆ ಇಟ್ಟುಕೊಳ್ಳುವುದರಿಂದ ಶಿಕ್ಷಕರಿಗೆ ಪಾದಗಳೇ ಕಾಣುವುದಿಲ್ಲ. ಕ್ಯಾಮೆರಾವನ್ನು ತಗ್ಗಿನಲ್ಲಿ, ಮ್ಯಾಟಿನ ಪಕ್ಕಕ್ಕೆ, ತುಸು ದೂರದಲ್ಲಿ ಇಟ್ಟರೆ ವೀರಭದ್ರಾಸನದಲ್ಲಿ ಮಡಿಸಿದ ಮಂಡಿ ಹಿಮ್ಮಡಿಯನ್ನು ದಾಟಿ ಮುಂದಕ್ಕೆ ಹೋಗಿದೆಯೇ ಎಂಬುದಾದರೂ ಅವರಿಗೆ ತಿಳಿಯುತ್ತದೆ. ಹೊಸದಾಗಿ ಆಸನ ಕಲಿಯುವವರು, ಅದರಲ್ಲೂ ಸೊಂಟನೋವು, ರಕ್ತದೊತ್ತಡ ಇರುವವರು, ಮೊದಲ ಕೆಲವು ತಿಂಗಳಾದರೂ ಶಿಕ್ಷಕರ ಎದುರಿನಲ್ಲೇ ಕಲಿಯಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಯೋಗನಿದ್ರೆಯ ಮಾತು ಬೇರೆ. ಕಣ್ಣು ಮುಚ್ಚಿ ಮಲಗಿದವರಿಗೆ ಬೇಕಾದದ್ದು ಧ್ವನಿಯೊಂದೇ, ಅದು ಇಯರ್‌ಫೋನಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಈ ಕ್ಷಣದ ಮೇಲೆ ಗಮನವಿಡುವ ಮೈಂಡ್‌ಫುಲ್‌ನೆಸ್ ಧ್ಯಾನ ಕೂಡ ಹಾಗೆಯೇ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಆರಂಭಿಸಿದ, ಮುಂದೆ 8 ವಾರಗಳ ಪಾಠಕ್ರಮವೆಂದು ಹೆಸರಾದ ಕಾರ್ಯಕ್ರಮದಲ್ಲಿ ವಾರಕ್ಕೊಂದು ತರಗತಿಯಷ್ಟೇ ಇರುತ್ತದೆ. ಉಳಿದ ದಿನಗಳಲ್ಲಿ ಧ್ವನಿಮುದ್ರಣ ಕೇಳುತ್ತಾ ಮನೆಯಲ್ಲೇ ಅಭ್ಯಾಸ ಮಾಡಬೇಕು. ಬಹುಪಾಲು ಮನೆಯಲ್ಲೇ ನಡೆಯುವ ಸಾಧನೆಯಾದ್ದರಿಂದ ಅದು ಆನ್‌ಲೈನಿಗೆ ಸುಲಭವಾಗಿ ಒಗ್ಗಿತು.

ಧ್ಯಾನ ಶಿಬಿರದ ಮೌನವನ್ನು ಮಾತ್ರ ಮನೆಗೆ ತರಿಸಿಕೊಳ್ಳಲಾಗದು. ಸತ್ಯನಾರಾಯಣ ಗೋಯಂಕಾ ಅವರ ಪರಂಪರೆಯ 10 ದಿನಗಳ ವಿಪಶ್ಯನಾ ಶಿಬಿರಕ್ಕೆ ಸೇರುವಾಗ ಮೊಬೈಲನ್ನೇ ಒಪ್ಪಿಸಿಬಿಡಬೇಕು. ಬೆಳಗಿನ 4 ಗಂಟೆಗೆ ಗಂಟೆ ಬಾರಿಸುತ್ತದೆ. ಓದು, ಬರಹ, ಮಾತು ಯಾವುದೂ ಇರುವುದಿಲ್ಲ. ಮೊದಲ ದಿನಗಳು ಉಸಿರನ್ನು ಗಮನಿಸುವ ಆನಾಪಾನಕ್ಕೇ ಮೀಸಲು. ಶುಲ್ಕವಿಲ್ಲ, ಹಿಂದೆ ಶಿಬಿರ ಮುಗಿಸಿದವರ ದಾನದಿಂದಲೇ ಎಲ್ಲವೂ ನಡೆಯುತ್ತದೆ. ಅಡುಗೆ, ಫೋನು, ಬಾಗಿಲ ಕರೆಗಂಟೆ ಇವೆಲ್ಲದರ ಜವಾಬ್ದಾರಿಯನ್ನು ಬೇರೊಬ್ಬರು ಹೊತ್ತುಕೊಂಡಾಗಲೇ ಮನಸ್ಸು ಅಷ್ಟು ಆಳಕ್ಕೆ ಇಳಿಯಲು ಒಪ್ಪುತ್ತದೆ. ವಿಶೇಷವಾಗಿ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಈ ಬಿಡುವು ಬೇರೆಲ್ಲೂ ಸಿಗುವುದಿಲ್ಲವಾದ್ದರಿಂದ, "ಆನ್‌ಲೈನಿನಲ್ಲೇ ಸೇರಿಕೊಳ್ಳಮ್ಮ, ಹೋಗುವುದೇಕೆ" ಎಂದು ಅವರನ್ನು ತಡೆಯುವುದು ನನಗೆ ಸರಿಯೆನಿಸುವುದಿಲ್ಲ. ಒಮ್ಮೆ ಹೋಗಿ ಬಂದ ಮೇಲೆ ಅಭ್ಯಾಸ ಕೈತಪ್ಪದಂತೆ ನೋಡಿಕೊಳ್ಳಲು ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ನಾಲ್ಕು ಜನರೊಡನೆ ಧ್ಯಾನಕ್ಕೆ ಕೂರುವುದು ಬಹಳ ಸಹಾಯ ಮಾಡುತ್ತದೆ.